ಒಂದು ನಿಮಿಷ ತಪ್ಪಿ ಓದಿದವನು

ನಾನಿರುವುದು ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ. ಬೀದಿ ಬೋರ್ಡೆಲ್ಲ ಜರ್ಮನ್, ಫ್ರೆಂಚ್ ಎರಡರಲ್ಲೂ ಇರುವ ಊರು. (ಬೆಂಗಳೂರಿನವನ ಕಣ್ಣಿಗೆ ಮೊದಲು ಬೀಳೋದೇ ಬೋರ್ಡು, ಅಲ್ವಾ?) ಆಮೇಲೆ ಕಾಣೋದು ವಾಚು. ನಾವು 'ಟ್ಯಾಗ್ ಹ್ಯೂಯರ್' ಅನ್ನುವ ಕಂಪನಿ ಬಹಳ ಕಾಲ ಇದ್ದದ್ದು ಇಲ್ಲೇ. ಇಲ್ಲಿಯವರ ಬಾಯಲ್ಲಿ ಅದು 'ಹೊಯರ್'.

1860ರಲ್ಲಿ ಪಕ್ಕದ ಸೇಂಟ್-ಇಮಿಯೆಯಲ್ಲಿ ಎಡ್ವರ್ಡ್ ಹೊಯರ್ ಅಂಗಡಿ ಹಾಕಿದಾಗ ಅವನಿಗೆ ಇಪ್ಪತ್ತು ವರ್ಷ. ಮನೆತನ ಹೆಸರು ಮಾಡಿದ್ದು ಸ್ಟಾಪ್‌ವಾಚಿನಿಂದ. 1916ರಲ್ಲಿ ಸೆಕೆಂಡನ್ನು ನೂರು ಪಾಲು ಮಾಡಿ ಅಳೆಯುವ ಮೈಕ್ರೋಗ್ರಾಫ್ ತಂದರು. ಆ ಕಾಲದ ಸಾಮಾನ್ಯ ಸ್ಟಾಪ್‌ವಾಚು ಐದು ಪಾಲು ಮಾಡಿದರೆ ಹೆಚ್ಚು.

ಆದರೆ ನನಗೆ ಇಷ್ಟವಾದ ಕತೆ 1958ರದು. ಎಡ್ವರ್ಡನ ಮರಿಮಗ ಜಾಕ್ ಹೊಯರ್ ಒಂದು ಕಾರ್ ರ‍್ಯಾಲಿಗೆ ಹೋದ. ಡ್ರೈವರ್ ಪಕ್ಕ ಕೂತು ಟೈಮ್ ನೋಡೋದು ಅವನ ಕೆಲಸ. ಕಾರಿನಲ್ಲಿದ್ದದ್ದು ತಮ್ಮದೇ ಕಂಪನಿಯ ಆಟಾವಿಯಾ ಗಡಿಯಾರ. ಕುಲುಕಾಟದಲ್ಲಿ ಒಂದು ನಿಮಿಷ ತಪ್ಪಿ ಓದಿದ. ಗೆಲ್ಲಬೇಕಾದವರು ಮೂರನೇ ಜಾಗಕ್ಕೆ ಬಂದರು. ಬೇರೆಯವರಾಗಿದ್ದರೆ ರಸ್ತೆಯನ್ನು ಬೈಯುತ್ತಿದ್ದರು. ಇವನು ಡಯಲನ್ನು ಬೈದ.

ಜಾಕ್ 1963ರಲ್ಲಿ ತಂದ ಕರೇರಾ ವಾಚನ್ನು ಈ ಕತೆ ಗೊತ್ತಿದ್ದು ನೋಡಬೇಕು. ಡಯಲ್ ಖಾಲಿ ಖಾಲಿ. ಅಂಕಿಗಳ ಜಾಗದಲ್ಲಿ ಸಣ್ಣ ಗೀಟು. ಸೆಕೆಂಡಿನ ಗುರುತುಗಳನ್ನು ಗಾಜಿನ ಒಳಗಡೆ ಕೂತ ಓರೆ ಬಳೆಯ ಮೇಲೆ ಹಾಕಿ, ಮಧ್ಯದಲ್ಲಿ ಜಾಗ ಬಿಡಿಸಿದ್ದಾನೆ. ಹೆಸರು ಮೆಕ್ಸಿಕೋದ ರಸ್ತೆ ರೇಸಿನದು. ಅಲ್ಲಿನ ರೇಸ್ ಕುಟುಂಬವೊಂದು ಮಾತಿನ ಮಧ್ಯೆ ಹೇಳಿದ್ದು ಅವನ ಕಿವಿಗೆ ಹಿಡಿಸಿತ್ತು.

1969ರ ಮಾರ್ಚಿನಲ್ಲಿ ಬ್ರೈಟ್ಲಿಂಗ್ ಮೊದಲಾದವರ ಜೊತೆ ಸೇರಿ ಆಟೋಮ್ಯಾಟಿಕ್ ಕ್ರೋನೋಗ್ರಾಫ್ ತಂದರು, ಅಂದರೆ ತಾನೇ ಕೀ ತುಂಬಿಕೊಳ್ಳುವ, ಒಳಗೇ ಸ್ಟಾಪ್‌ವಾಚಿರುವ ಕೈಗಡಿಯಾರ. ಚೌಕದ ಮೊನಾಕೋ ವಾಚಿನಲ್ಲಿ ಕೀ ತಿರುಪು ಎಡಗಡೆಗಿದೆ. ದಿನಾ ಕೀ ಕೊಡೋದೇ ಬೇಡ ಅಂದಮೇಲೆ ಎಲ್ಲಿದ್ದರೇನು! ಅದೇ ವರ್ಷ ಡಿಸೆಂಬರ್‌ನಲ್ಲಿ ಜಪಾನಿನ ಸೀಕೋ ಕಂಪನಿ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಸ್ ಕೈಗಡಿಯಾರ ಮಾರಲು ಶುರು ಮಾಡಿತು. ಮುಂದಿನ ಹತ್ತು-ಹನ್ನೆರಡು ವರ್ಷ ಸ್ವಿಸ್ ವಾಚಿನವರ ಹೊಟ್ಟೆ ಮೇಲೆ ಹೊಡೆತ. 1982ರಲ್ಲಿ ಕಂಪನಿ ಜಾಕ್‌ನ ಕೈತಪ್ಪಿತು. 1985ರಲ್ಲಿ ಟ್ಯಾಗ್ ಅನ್ನುವ ಗುಂಪು ಕೊಂಡು ತನ್ನ ಹೆಸರನ್ನೂ ಮುಂದೆ ಅಂಟಿಸಿತು. 1999ರಲ್ಲಿ ಐಷಾರಾಮಿ ಸಾಮಾನು ಮಾರುವ ಫ್ರಾನ್ಸಿನ ಎಲ್‌ವಿಎಂಎಚ್ ಪಾಲಾಯಿತು.

ಇಲ್ಲಿಗೆ ಬಂದಾಗ ನನಗೆ ಜಾಲಹಳ್ಳಿ ನೆನಪಾಗುತ್ತದೆ. 1961ರಲ್ಲಿ ಜಪಾನಿನ ಸಿಟಿಜನ್ ಕಲಿಸಿಕೊಟ್ಟ ಕೆಲಸ ನಮ್ಮ ಎಚ್‌ಎಂಟಿಯದು. ಅದನ್ನೂ ಮುಗಿಸಿದ್ದರಲ್ಲಿ ಕ್ವಾರ್ಟ್ಸ್ ಪಾಲು ಜಾಸ್ತಿ. ಪಕ್ಕದ ಹೊಸೂರಿನಿಂದಲೇ ಟೈಟನ್‌ನ ಕ್ವಾರ್ಟ್ಸ್ ವಾಚು ಬಂತು. 2016ರಲ್ಲಿ ಎಚ್‌ಎಂಟಿಯ ವಾಚ್ ಕಂಪನಿ ಮುಚ್ಚಲು ಕೇಂದ್ರ ಒಪ್ಪಿತು.

ಸೋತದ್ದರಲ್ಲಿ ವ್ಯತ್ಯಾಸವಿಲ್ಲ. ಸೋತಮೇಲಿನ ರೀತಿ ಬೇರೆ. ಇಲ್ಲಿ ಹೊಸ ಯಜಮಾನರು 1996ರಲ್ಲಿ ಹಳೇ ಕರೇರಾವನ್ನು ಮತ್ತೆ ಮಾಡಿದರು, 2001ರಲ್ಲಿ ಜಾಕ್‌ನನ್ನು ಕರೆದು ಗೌರವಾಧ್ಯಕ್ಷ ಮಾಡಿದರು. ವ್ಯಾಪಾರದ ಬುದ್ಧಿಯೇ, ನನಗೇನೂ ಭ್ರಮೆಯಿಲ್ಲ. ಲಕ್ಷಗಟ್ಟಲೆ ಬೆಲೆ ಹಾಕೋಕೆ ಕತೆ ಬೇಕಲ್ಲ. ಆದರೂ ಮುದುಕನನ್ನು ಕೂರಿಸಿ ಕೇಳಿದರು. ನಮ್ಮಲ್ಲೂ ಎಚ್‌ಎಂಟಿ ಹೆಸರಿನಲ್ಲಿ ಮ್ಯೂಸಿಯಂ ಇದೆ, ಚೆನ್ನಾಗಿದೆ. ಆದರೆ ಮುಳ್ಳು ಕೂರಿಸಿದ ಕೈಗಳನ್ನು ಯಾರು ಕೇಳಿದರು?

ನಮ್ಮ ಮಾವ ಜಾಲಹಳ್ಳಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವರು. ಹೋದ ಸಲ ಊರಿಗೆ ಹೋದಾಗ ಸ್ನೇಹಿತನೊಬ್ಬನಿಂದ ತಂದಿದ್ದ ಕರೇರಾವನ್ನು ಅವರ ಕೈಗಿಟ್ಟೆ. ಬೆಲೆ ಕೇಳಲಿಲ್ಲ. ಕಿವಿಗೆ ಹಿಡಿದರು, ಬೆನ್ನು ತಿರುಗಿಸಿದರು, ಆಮೇಲೆ ಕನ್ನಡಕ ಹಣೆಗೇರಿಸಿ ಡಯಲನ್ನು ಮೂಗಿನ ಹತ್ತಿರ ತಂದರು.

"ಮುಳ್ಳು ನೀಟಾಗಿ ಕೂರ್ಸಿದಾರೆ ಕಣೋ," ಅಂದರು. "ನಮ್ ಲೈನಲ್ಲಿ ದಿನಕ್ಕೆ ಎಷ್ಟು ಕೂರಿಸ್ತಿದ್ವಿ ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ನಾನೂ ಕೇಳಿರಲಿಲ್ಲ.