ಸಹಿ ಹಾಕುವ ಮುನ್ನ ಆ ಪುಸ್ತಕವನ್ನು ಪೂರ್ತಿ ಓದಿ

ಕಳೆದ ವಾರ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಒಂದು ಮನವಿಪತ್ರ ಬಂದಿತ್ತು. ನಮ್ಮ ಮಕ್ಕಳು ಓದುವ ಶಾಲೆಯ ಗ್ರಂಥಾಲಯದಿಂದ ಹನ್ನೆರಡು ಪುಸ್ತಕಗಳನ್ನು ತೆಗೆಸಬೇಕು, ತಂದೆತಾಯಿಗಳೆಲ್ಲರೂ ಸಹಿ ಹಾಕಬೇಕು ಎಂಬುದು ಅದರ ಸಾರ. ಕಳುಹಿಸಿದವರು ನನಗೆ ಬಹಳ ಬೇಕಾದವರು. ಯುಗಾದಿಯ ದಿನ ಅವರ ಮನೆಯಲ್ಲೇ ಒಬ್ಬಟ್ಟಿನ ಊಟ ಮಾಡಿ ಬಂದವಳು ನಾನು. ಮಕ್ಕಳ ಬಗ್ಗೆ ಅವರಿಗಿರುವ ಕಾಳಜಿ ನಿಜವಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ನಾನು ಸಹಿ ಹಾಕಲಿಲ್ಲ. ಕಾರಣವನ್ನು ಗುಂಪಿನಲ್ಲಿ ಎರಡು ಸಾಲಿನಲ್ಲಿ ಹೇಳಿದರೆ ಮನಸ್ತಾಪಕ್ಕೆ ದಾರಿಯಾದೀತು ಎಂದು ಇಲ್ಲಿ ಸಾವಧಾನವಾಗಿ ಬರೆಯುತ್ತಿದ್ದೇನೆ.

ಟೆಕ್ಸಸ್‌ನಲ್ಲಿರುವ ನಮಗೆ ಇದು ಹೊಸ ಸಂಗತಿಯಲ್ಲ. 2021ರ ಅಕ್ಟೋಬರ್‌ನಲ್ಲಿ ಇಲ್ಲಿನ ಶಾಸಕ ಮ್ಯಾಟ್ ಕ್ರೌಸ್ ಅವರು ಸುಮಾರು 850 ಪುಸ್ತಕಗಳ ಪಟ್ಟಿಯೊಂದನ್ನು ಶಾಲಾ ಜಿಲ್ಲೆಗಳಿಗೆ, ಅಂದರೆ ಒಂದೊಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಆಡಳಿತಗಳಿಗೆ, ಕಳುಹಿಸಿ, ಇವುಗಳಲ್ಲಿ ಯಾವುವು ನಿಮ್ಮಲ್ಲಿವೆ, ಎಷ್ಟು ಪ್ರತಿಗಳಿವೆ ಎಂದು ಕೇಳಿದ್ದರು. ಅದೇ ಸುಮಾರಿಗೆ ಹ್ಯೂಸ್ಟನ್ ಪಕ್ಕದ ಕೇಟಿ ಶಾಲಾ ಜಿಲ್ಲೆಯಲ್ಲಿ ಜೆರ್ರಿ ಕ್ರಾಫ್ಟ್ ಅವರ ‘ನ್ಯೂ ಕಿಡ್’ ಎಂಬ ಚಿತ್ರಕಾದಂಬರಿಯ ವಿರುದ್ಧ ಮನವಿ ಸಲ್ಲಿಕೆಯಾಯಿತು. ಬಿಳಿಯ ಮಕ್ಕಳಲ್ಲಿ ಈ ಪುಸ್ತಕ ಅಪರಾಧ ಪ್ರಜ್ಞೆ ಮೂಡಿಸುತ್ತದೆ ಎಂಬುದು ದೂರು. ಪುಸ್ತಕ ಕಪಾಟಿನಿಂದ ಇಳಿಯಿತು, ಮಕ್ಕಳೊಡನೆ ಲೇಖಕರು ಆನ್‌ಲೈನ್‌ನಲ್ಲಿ ನಡೆಸಬೇಕಿದ್ದ ಮಾತುಕತೆ ಮುಂದಕ್ಕೆ ಹೋಯಿತು. ಪರಿಶೀಲನಾ ಸಮಿತಿ ಪುಸ್ತಕವನ್ನು ಓದಿ ನೋಡಿ, ಇದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ ಎಂದ ಮೇಲೆ ಎರಡೂ ಮರಳಿ ಬಂದವು.

ನಾನು ಆ ಪುಸ್ತಕವನ್ನು ಓದಿದ್ದು ಆ ಸುದ್ದಿಯ ನಂತರವೇ. ಜಾರ್ಡನ್ ಎಂಬ ಕಪ್ಪು ಹುಡುಗ ಏಳನೆಯ ತರಗತಿಗೆ ದೊಡ್ಡ ಖಾಸಗಿ ಶಾಲೆಯೊಂದಕ್ಕೆ ಸೇರುತ್ತಾನೆ. ಅವನಿಗೆ ಬೇಕಾದದ್ದು ಚಿತ್ರಕಲೆಯ ಶಾಲೆ. ಅವನ ತಾಯಿಗೆ ಬೇಕಾದದ್ದು ಮುಂದೆ ದಾರಿಯಾಗುವಂಥ ಶಾಲೆ. ಈ ಒಂದು ಎಳೆ ಸಾಕು, ನಮ್ಮ ಯಾವ ಮನೆಯ ಕಥೆ ಇದಲ್ಲ ಹೇಳಿ? ಅವನ ಸಹಪಾಠಿ ಡ್ರೂ ಎಂಬ ಹುಡುಗನನ್ನು ಶಿಕ್ಷಕಿ ಮತ್ತೆ ಮತ್ತೆ ಬೇರೊಬ್ಬ ಕಪ್ಪು ಹುಡುಗನ ಹೆಸರಿನಿಂದ ಕರೆಯುತ್ತಾರೆ. ಅದನ್ನು ಓದುತ್ತಿದ್ದಾಗ ನನ್ನ ಮಗಳು ಪುಟ ಮಡಚಿ ನನ್ನ ಬಳಿಗೆ ಬಂದು, ‘ಅಮ್ಮಾ, ನನ್ನನ್ನೂ ಇಡೀ ವರ್ಷ ಇನ್ನೊಬ್ಬ ಇಂಡಿಯನ್ ಹುಡುಗಿಯ ಹೆಸರಿನಿಂದಲೇ ಕರೆಯುತ್ತಿದ್ದರು, ನಿನಗೆ ಹೇಳಿರಲಿಲ್ಲ’ ಎಂದಳು. ಇಡೀ ವರ್ಷ ಅವಳು ಅದನ್ನು ತನ್ನೊಳಗೇ ಇಟ್ಟುಕೊಂಡಿದ್ದಳು. ನನಗೆ ಹೇಳುವ ಧೈರ್ಯವನ್ನು ಅವಳಿಗೆ ಕೊಟ್ಟದ್ದು ನಾನಲ್ಲ, ಆ ಪುಸ್ತಕ. ಅದೇ ಪುಸ್ತಕ ಈ ಮನವಿಯ ಹನ್ನೆರಡರ ಪಟ್ಟಿಯಲ್ಲಿ ನಾಲ್ಕನೆಯದಾಗಿ ಇದೆ.

ಮಗುವಿನ ವಯಸ್ಸಿಗೆ ಹೊಂದದ ಪುಸ್ತಕಗಳು ಇರುತ್ತವೆ ಎಂಬುದನ್ನು ನಾನು ಒಪ್ಪುತ್ತೇನೆ. ಹನ್ನೆರಡನೆಯ ತರಗತಿಯವರು ಓದುವ ಕಾದಂಬರಿಯನ್ನು ಮೂರನೆಯ ತರಗತಿಯ ಕಪಾಟಿನಲ್ಲಿಡಿ ಎಂದು ಯಾರೂ ಕೇಳುತ್ತಿಲ್ಲ. ಯಾವ ಪುಸ್ತಕ ಯಾವ ವಯಸ್ಸಿಗೆ ಎಂದು ವಿಂಗಡಿಸುವುದೇ ಗ್ರಂಥಪಾಲಕರ ಕಸುಬು. ಟೆಕ್ಸಸ್‌ನಲ್ಲಿ ಶಾಲಾ ಗ್ರಂಥಪಾಲಕರ ಪ್ರಮಾಣಪತ್ರ ಪಡೆಯಲು ಸ್ನಾತಕೋತ್ತರ ಪದವಿಯ ಜೊತೆಗೆ ಎರಡು ವರ್ಷ ಪಾಠ ಮಾಡಿದ ಅನುಭವವೂ ಬೇಕು. ಇನ್ನು ನನ್ನ ಮಗಳು ಏನು ಓದಬೇಕು, ಏನು ಬೇಡ ಎಂದು ಹೇಳುವ ಹಕ್ಕು ತಾಯಿಯಾದ ನನಗಿದೆ. ಈ ಪುಸ್ತಕವನ್ನು ನಮ್ಮ ಮಗುವಿಗೆ ಕೊಡಬೇಡಿ ಎಂದು ಗ್ರಂಥಪಾಲಕರಿಗೆ ಒಂದು ಮಾತು ಬರೆದರೆ ನಮ್ಮ ಶಾಲೆಯಲ್ಲಿ ಅದನ್ನು ಗುರುತು ಹಾಕಿಕೊಳ್ಳುತ್ತಾರೆ. ನಾನೇ ಒಮ್ಮೆ ಹಾಗೆ ಬರೆದದ್ದುಂಟು. ಆದರೆ ಅದೇ ಪುಸ್ತಕವನ್ನು ಕಪಾಟಿನಿಂದಲೇ ತೆಗೆಸಿದಾಗ ನಾನು ನಿರ್ಧರಿಸುವುದು ಪಕ್ಕದ ಮನೆಯ ಮಗುವಿಗಾಗಿ. ಆ ಮಗುವಿನ ಮನೆಯಲ್ಲಿ ಪುಸ್ತಕ ಕೊಳ್ಳುವಷ್ಟು ಹಣವಿಲ್ಲದಿರಬಹುದು. ಆ ಹಕ್ಕನ್ನು ನನಗೆ ಯಾರೂ ಕೊಟ್ಟಿಲ್ಲ.

ಆಕ್ಷೇಪಗಳು ಎಲ್ಲಿಂದ ಬರುತ್ತಿವೆ ಎಂಬುದನ್ನೂ ನೋಡಬೇಕು. 2021–22ರ ಶಾಲಾ ವರ್ಷದಲ್ಲಿ ದೇಶದ ನೂರಕ್ಕೂ ಹೆಚ್ಚು ಶಾಲಾ ಜಿಲ್ಲೆಗಳಿಗೆ ಬಂದ ಸಾವಿರಕ್ಕೂ ಮಿಕ್ಕಿದ ಆಕ್ಷೇಪಗಳನ್ನು ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ತರಿಸಿಕೊಂಡು ಪರಿಶೀಲಿಸಿದಾಗ, ಅವುಗಳಲ್ಲಿ ಶೇಕಡಾ 60ರಷ್ಟನ್ನು ಸಲ್ಲಿಸಿದವರು ಕೇವಲ 11 ಮಂದಿ ಎಂದು ತಿಳಿದುಬಂತು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ 2024ರಲ್ಲಿ ದಾಖಲಿಸಿದ, ಪುಸ್ತಕ ತೆಗೆಸುವ 821 ಪ್ರಯತ್ನಗಳಲ್ಲಿ ತಂದೆತಾಯಿಗಳಿಂದ ಬಂದವು ಶೇಕಡಾ 16 ಮಾತ್ರ. ಬಹುಪಾಲು ಬಂದದ್ದು ಸಂಘಟಿತ ಗುಂಪುಗಳಿಂದ ಮತ್ತು ಅಧಿಕಾರದಲ್ಲಿರುವವರಿಂದ. 2023ರಲ್ಲಿ ಫ್ಲಾರಿಡಾದ ಮಯಾಮಿ ಲೇಕ್ಸ್‌ನಲ್ಲಿ ಒಬ್ಬರೇ ಒಬ್ಬ ಪೋಷಕರ ದೂರಿನಿಂದಾಗಿ ಅಮಾಂಡಾ ಗೋರ್ಮನ್ ಅವರ ಕವಿತೆಯ ಪುಸ್ತಕ ಚಿಕ್ಕ ಮಕ್ಕಳ ವಿಭಾಗದಿಂದ ದೊಡ್ಡ ಮಕ್ಕಳ ವಿಭಾಗಕ್ಕೆ ಹೋಯಿತು. ಅಮೆರಿಕದ ಅಧ್ಯಕ್ಷರ ಪ್ರಮಾಣವಚನದ ದಿನ ಇಡೀ ಜಗತ್ತಿನೆದುರು ಓದಿದ ಕವಿತೆ ಅದು. ದೂರಿನ ಅರ್ಜಿಯಲ್ಲಿ ಲೇಖಕಿಯ ಹೆಸರೆಂದು ಬರೆದಿದ್ದು ಓಪ್ರಾ ವಿನ್‌ಫ್ರೀ ಎಂದು. ನಮ್ಮ ಗುಂಪಿನ ಪಟ್ಟಿಯಲ್ಲೂ ಎರಡು ಪುಸ್ತಕಗಳ ಲೇಖಕರ ಹೆಸರು ಅದಲುಬದಲಾಗಿವೆ. ಎಲ್ಲಿಂದಲೋ ಬಂದ ಪಟ್ಟಿಯನ್ನು ನಾವು ಓದದೆ ಮುಂದಕ್ಕೆ ದಾಟಿಸಿದ್ದೇವೆ ಎಂಬುದು ನನಗೆ ನೋವು ತಂದ ಸಂಗತಿ.

ಪಟ್ಟಿಯ ಇನ್ನೊಂದು ಹೆಸರು ಮಾರಿಸ್ ಸೆಂಡಾಕ್ ಅವರ ‘ಇನ್ ದ ನೈಟ್ ಕಿಚನ್’ ಎಂಬ ಚಿತ್ರಪುಸ್ತಕ. ಕನಸಿನಲ್ಲಿ ಅಡುಗೆಮನೆಗೆ ಬೀಳುವ ಪುಟ್ಟ ಹುಡುಗನ ಮೈಮೇಲೆ ಬಟ್ಟೆಯಿಲ್ಲ ಎಂಬುದು ಅದರ ಮೇಲಿನ ದೂರು. 1970ರಲ್ಲಿ ಅದು ಬಂದ ಮೇಲೆ ಕೆಲವು ಗ್ರಂಥಪಾಲಕರು ಆ ಚಿತ್ರಗಳಿಗೆ ಬಣ್ಣದಲ್ಲಿ ಡೈಪರ್ ಬಳಿದದ್ದುಂಟು. ಉಡಿದಾರವೊಂದನ್ನೇ ಕಟ್ಟಿಕೊಂಡು ಅಂಗಳದಲ್ಲಿ ಓಡಾಡುವ ಮಕ್ಕಳನ್ನು ನೋಡುತ್ತಲೇ ಬೆಳೆದವರು ನಾವು. ಬೆಣ್ಣೆ ಹಿಡಿದ ಅಂಬೆಗಾಲು ಕೃಷ್ಣನನ್ನು ದೇವರ ಮನೆಯಲ್ಲಿಟ್ಟು ಪೂಜಿಸುವವರು. ಆ ಚಿತ್ರದಲ್ಲಿ ಅಶ್ಲೀಲವನ್ನು ಕಾಣುವ ಕಣ್ಣನ್ನು ನಾವು ಯಾಕೆ ಎರವಲು ಪಡೆಯಬೇಕು?

ಇದೇ ಪುಸ್ತಕ ಟೆಕ್ಸಸ್‌ನ ಲಾನೋ ಕೌಂಟಿಯ ಸಾರ್ವಜನಿಕ ಗ್ರಂಥಾಲಯದಿಂದ ತೆಗೆದುಹಾಕಿದ 17 ಪುಸ್ತಕಗಳಲ್ಲಿ ಒಂದಾಗಿತ್ತು. ಭಾರತದ ಜಾತಿ ವ್ಯವಸ್ಥೆಯನ್ನೂ ಚರ್ಚಿಸುವ ಇಸಬೆಲ್ ವಿಲ್ಕರ್ಸನ್ ಅವರ ‘ಕಾಸ್ಟ್’ ಕೂಡ ಅದರಲ್ಲಿತ್ತು. ಓದುಗರು ನ್ಯಾಯಾಲಯಕ್ಕೆ ಹೋದರು. ಇದಕ್ಕೆ ಬಹಳ ಮುಂಚೆ ಸ್ಟೀವನ್ ಪಿಕೋ ಎಂಬ ವಿದ್ಯಾರ್ಥಿ ಮತ್ತು ಅವನ ಗೆಳೆಯರು ನ್ಯೂಯಾರ್ಕ್‌ನ ಐಲೆಂಡ್ ಟ್ರೀಸ್ ಶಾಲಾ ಮಂಡಳಿಯ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ, ಪುಸ್ತಕದ ವಿಚಾರ ಹಿಡಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಶಾಲಾ ಗ್ರಂಥಾಲಯದಿಂದ ತೆಗೆಯುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ರೆನನ್ 1982ರಲ್ಲಿ ಬರೆದಿದ್ದರು. ಅದಕ್ಕೆ ಪೂರ್ಣ ಬಹುಮತವಿರಲಿಲ್ಲ. 2025ರ ಮೇ ತಿಂಗಳಲ್ಲಿ ಲಾನೋ ಪ್ರಕರಣದಲ್ಲಿ ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಗ್ರಂಥಾಲಯ ಯಾವ ಪುಸ್ತಕ ತೆಗೆಯಿತು ಎಂಬುದನ್ನು ಓದುಗರು ವಾಕ್ ಸ್ವಾತಂತ್ರ್ಯದ ಹಕ್ಕಿನಡಿ ಪ್ರಶ್ನಿಸಲಾಗದು ಎಂದುಬಿಟ್ಟಿತು. ಟೆಕ್ಸಸ್ ಈ ವಲಯದ ವ್ಯಾಪ್ತಿಗೇ ಬರುತ್ತದೆ. ಹಾಗಾಗಿ ಇಲ್ಲಿ ಕಪಾಟಿನ ಪುಸ್ತಕ ಉಳಿಯುವುದೂ ಹೋಗುವುದೂ ಇನ್ನು ಶಾಲಾ ಮಂಡಳಿಯ ಕೊಠಡಿಯಲ್ಲೇ ತೀರ್ಮಾನವಾಗುತ್ತದೆ. ಆ ಕೊಠಡಿಯಲ್ಲಿ ಎದ್ದು ನಿಂತು ಮಾತನಾಡುವ ತಂದೆತಾಯಿಗಳು ಎಷ್ಟು ಮಂದಿ ಎಂಬುದೇ ಮುಖ್ಯವಾಗುತ್ತದೆ.

ಐಲೆಂಡ್ ಟ್ರೀಸ್‌ನಲ್ಲಿ ನಡೆದ ಒಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ನಾಲ್ವರು ಪೋಷಕರು, ನಾಲ್ವರು ಸಿಬ್ಬಂದಿ ಇದ್ದ ಸಮಿತಿಯೊಂದನ್ನು ಮಂಡಳಿಯೇ ನೇಮಿಸಿತ್ತು. ಸಮಿತಿ ಐದು ಪುಸ್ತಕಗಳನ್ನು ಉಳಿಸಿ ಎಂದಿತು. ಮಂಡಳಿ ನಿರ್ಬಂಧವಿಲ್ಲದೆ ಮರಳಿಸಿದ್ದು ಒಂದನ್ನು ಮಾತ್ರ. ಓದಿದವರ ಮಾತಿಗೆ ಅಲ್ಲಿ ಬೆಲೆ ಸಿಗಲಿಲ್ಲ.

ಮುಂದಿನ ಮಂಗಳವಾರ ಸಂಜೆ ನಮ್ಮ ಮಂಡಳಿಯ ಸಭೆಯಿದೆ. ನಾನು ಮೂರು ನಿಮಿಷ ಮಾತನಾಡಲು ಹೆಸರು ಕೊಟ್ಟಿದ್ದೇನೆ. ಅದಕ್ಕೆ ಮುಂಚೆ ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಬಿಡಲು ನೀವೆಲ್ಲ ಬರುತ್ತೀರಿ. ಆ ಹನ್ನೆರಡರಲ್ಲಿ ಏಳು ಪುಸ್ತಕಗಳು ನನ್ನ ಬಳಿ ಇವೆ, ಕಾರಿನಲ್ಲಿಟ್ಟುಕೊಂಡು ಬರುತ್ತೇನೆ. ‘ನ್ಯೂ ಕಿಡ್’ ಓದಲು ಒಂದೂವರೆ ಗಂಟೆ ಸಾಕು. ಮಕ್ಕಳ ತರಗತಿಯೂ ಅಷ್ಟೇ ಹೊತ್ತು ನಡೆಯುತ್ತದೆ.