ಹಿಮ ಬೀಳುವ ಕಡೆ ಎಲೆಕ್ಟ್ರಿಕ್ ಕಾರು: ಕೊಳ್ಳೋಣವೇ, ಬೇಡವೇ?

ಪರ: ಮನೆಯಲ್ಲಿ ಪ್ಲಗ್ ಇದ್ದರೆ ಚಳಿಗೆ ಹೆದರಬೇಕಿಲ್ಲ

ಚಳಿ ದೇಶಕ್ಕೆ ಎಲೆಕ್ಟ್ರಿಕ್ ಕಾರು ಸರಿಹೋಗಲ್ಲ ಎನ್ನುವವರು ಒಮ್ಮೆ ನಾರ್ವೆಯ ಕಡೆ ನೋಡಬೇಕು. 2024ರಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಪೂರ್ತಿ ಬ್ಯಾಟರಿಯ ಮೇಲೆ ಓಡುವಂಥವು. ಸರ್ಕಾರ ತೆರಿಗೆ ಬಿಟ್ಟುಕೊಟ್ಟು ಜನರನ್ನು ಆ ಕಡೆಗೆ ಸೆಳೆಯಿತು, ಒಪ್ಪೋಣ. ಆದರೆ ತೆರಿಗೆ ಉಳಿಯುತ್ತದೆ ಅಂತ ಚಳಿಗಾಲದಲ್ಲಿ ಕೈಕೊಡುವ ಕಾರನ್ನು ಯಾರೂ ಎರಡನೇ ಸಲ ಕೊಳ್ಳುವುದಿಲ್ಲ, ಅಲ್ವಾ?

ಚಳಿಯಲ್ಲಿ ರೇಂಜ್, ಅಂದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಕಾರು ಓಡುವ ದೂರ, ಕಡಿಮೆಯಾಗುವುದು ನಿಜ. ಎಷ್ಟು ಎನ್ನುವುದರ ಜೊತೆಗೆ ಯಾಕೆ ಎಂದೂ ಕೇಳಬೇಕು. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಕೆಲವು ಎಲೆಕ್ಟ್ರಿಕ್ ಕಾರುಗಳನ್ನು ಮೈನಸ್ 7 ಡಿಗ್ರಿ ಚಳಿಯಲ್ಲಿ ಪರೀಕ್ಷಿಸಿತು. ಹೀಟರ್ ಹಾಕಿದಾಗ ರೇಂಜ್ ಸರಾಸರಿ ಶೇಕಡ 41ರಷ್ಟು ಬಿತ್ತು. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ಅದೇ ಪರೀಕ್ಷೆಯಲ್ಲಿ ಹೀಟರ್ ಆಫ್ ಮಾಡಿದಾಗ ಬಿದ್ದದ್ದು ಶೇಕಡ 12 ಮಾತ್ರ. ಇದನ್ನು ಹೇಳುವವರು ಕಡಿಮೆ. ಅಂದರೆ ಚಾರ್ಜ್ ತಿನ್ನುವುದು ಮುಖ್ಯವಾಗಿ ಹೀಟರ್. ಚಳಿ ನಮ್ಮ ಕೈಯಲ್ಲಿಲ್ಲ, ಆದರೆ ಹೀಟರ್ ನಮ್ಮ ಕೈಯಲ್ಲೇ ಇದೆ.

ಪೆಟ್ರೋಲ್ ಎಂಜಿನ್ ತಾನು ಸುಡುವ ಇಂಧನದ ಬಹುಪಾಲನ್ನು ಶಾಖವಾಗಿ ಪೋಲು ಮಾಡುತ್ತದೆ. ಚಳಿಗಾಲದಲ್ಲಿ ಆ ಪೋಲಿನಲ್ಲೇ ಒಂದಿಷ್ಟು ಒಳಗೆ ಬಂದು ನಮ್ಮ ಕಾಲು ಬೆಚ್ಚಗಿಡುತ್ತದೆ. ಅದು ಬಿಟ್ಟಿ ಸಿಕ್ಕಿತು ಅಂತ ನಾವು ಖುಷಿಪಡುತ್ತೇವೆ. ಎಲೆಕ್ಟ್ರಿಕ್ ಮೋಟರ್ ಹಾಗೆ ಪೋಲು ಮಾಡುವುದಿಲ್ಲ. ಆದ್ದರಿಂದ ಬೆಚ್ಚಗಿರಲು ಬೇಕಾದ ಶಾಖವನ್ನು ಬ್ಯಾಟರಿಯಿಂದಲೇ ತೆಗೆಯಬೇಕು. ಪೆಟ್ರೋಲ್ ಕಾರಿನ ಮೈಲೇಜ್ ಕೂಡ ಚಳಿಯಲ್ಲಿ ಇಳಿಯುತ್ತದೆ. ಊರೊಳಗಿನ ಓಡಾಟದಲ್ಲಿ ಮೈನಸ್ 7 ಡಿಗ್ರಿಗೆ ಸುಮಾರು ಶೇಕಡ 15 ಇಳಿಯುತ್ತದೆ ಎಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಬಂಕಿನಲ್ಲಿ ಐದು ನಿಮಿಷದಲ್ಲಿ ಟ್ಯಾಂಕ್ ತುಂಬುವುದರಿಂದ ನಾವು ಅದನ್ನು ಲೆಕ್ಕ ಇಡುವುದಿಲ್ಲ, ಅಷ್ಟೇ.

ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಇದರ ಮದ್ದು ಸುಲಭ. ಬೆಳಿಗ್ಗೆ ಹೊರಡುವ ಅರ್ಧ ಗಂಟೆ ಮೊದಲು, ಪ್ಲಗ್ ಹಾಕಿರುವಾಗಲೇ, ಫೋನಿನಿಂದ ಹೀಟರ್ ಆನ್ ಮಾಡಬೇಕು. ಕಾರಿನ ಒಳಗೂ ಬಿಸಿಯಾಗುತ್ತದೆ, ಎಷ್ಟೋ ಮಾಡೆಲ್‌ಗಳಲ್ಲಿ ಬ್ಯಾಟರಿಯೂ ಬಿಸಿಯಾಗುತ್ತದೆ. ಕರೆಂಟು ಗೋಡೆಯಿಂದ ಬರುತ್ತದೆ, ಬ್ಯಾಟರಿ ತುಂಬಿದಂತೆಯೇ ಇರುತ್ತದೆ. ಗಾಜಿನ ಮೇಲಿನ ಮಂಜುಗಡ್ಡೆ ಕೆರೆಯುವ ಕೆಲಸವೂ ಹೆಚ್ಚುಕಡಿಮೆ ತಪ್ಪುತ್ತದೆ. ಹೊಗೆ ಇಲ್ಲದ ಕಾರಣ ಮುಚ್ಚಿದ ಗ್ಯಾರೇಜಿನಲ್ಲೂ ಇದನ್ನು ಮಾಡಬಹುದು. ಪೆಟ್ರೋಲ್ ಕಾರನ್ನು ಹಾಗೆ ಆನ್ ಮಾಡಿಟ್ಟರೆ ಪ್ರಾಣಕ್ಕೇ ಅಪಾಯ. ರಸ್ತೆಗೆ ಬಂದ ಮೇಲೆ ಸೀಟಿನ ಹೀಟರ್ ಬಳಸಿ. ಅದಕ್ಕೆ ಬೇಕಾಗುವುದು ನೂರು ವಾಟ್ ಆಸುಪಾಸು. ಇಡೀ ಕಾರನ್ನು ಬಿಸಿ ಮಾಡಲು ಸಾವಿರಗಟ್ಟಲೆ ವಾಟ್ ಬೇಕು.

ಎಲ್ಲರೂ ಕೇಳುವ ಪ್ರಶ್ನೆ ಇನ್ನೊಂದಿದೆ. ಹಿಮಪಾತದಲ್ಲಿ ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಏನು ಗತಿ? ಇದೇನೂ ಕಲ್ಪನೆಯಲ್ಲ. 2022ರ ಜನವರಿಯಲ್ಲಿ ಅಮೆರಿಕದ ವರ್ಜೀನಿಯಾದ ಐ-95 ಹೆದ್ದಾರಿಯಲ್ಲಿ ಕೆಲವರು 24 ಗಂಟೆಗೂ ಹೆಚ್ಚು ಹೊತ್ತು ಸಿಕ್ಕಿಬಿದ್ದಿದ್ದರು. ಸುಮ್ನೆ ಒಂದು ಲೆಕ್ಕ ಹಾಕೋಣ. 60 ಕಿಲೋವಾಟ್ ಅವರ್ ಬ್ಯಾಟರಿ ಅರ್ಧ ತುಂಬಿದೆ, ಅಂದರೆ ಗಂಟೆಗೆ ಒಂದು ಕಿಲೋವಾಟ್‌ನಂತೆ ಬಳಸಿದರೆ ಮೂವತ್ತು ಗಂಟೆಗೆ ಸಾಕಾಗುವಷ್ಟಿದೆ ಎಂದುಕೊಳ್ಳಿ. ಕಾರು ಒಮ್ಮೆ ಬಿಸಿಯಾದ ಮೇಲೆ ಹಾಗೇ ಉಳಿಸಿಕೊಳ್ಳಲು ಒಂದೂವರೆ ಎರಡು ಕಿಲೋವಾಟ್ ಹಿಡಿಯಿರಿ. ಹದಿನೈದರಿಂದ ಇಪ್ಪತ್ತು ಗಂಟೆ ಸಾಗುತ್ತದೆ. ಪೆಟ್ರೋಲ್ ಕಾರು ಆನ್ ಇಟ್ಟು ಕೂತವರು ಆಗಾಗ ಕೆಳಗಿಳಿದು ಸೈಲೆನ್ಸರ್ ಕೊಳವೆಗೆ ಮುಚ್ಚಿಕೊಂಡ ಹಿಮವನ್ನು ತೆಗೆಯುತ್ತಿರಬೇಕು. ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ಈ ಒಂದು ವಿಷಯದಲ್ಲಿ ನಾನು ಕಣ್ಣುಮುಚ್ಚಿ ಎಲೆಕ್ಟ್ರಿಕ್ ಕಡೆಗೇ ವಾಲುತ್ತೇನೆ.

ಇನ್ನು ದಿನದ ಓಡಾಟ. ಹೆಚ್ಚಿನವರು ದಿನಕ್ಕೆ ಐವತ್ತು ಕಿಲೋಮೀಟರ್ ಕೂಡ ಓಡಿಸುವುದಿಲ್ಲ. 300 ಕಿಲೋಮೀಟರ್ ರೇಂಜ್‌ನಲ್ಲಿ ಶೇಕಡ 40 ಹೋದರೂ 180 ಉಳಿಯುತ್ತದೆ. ರಾತ್ರಿ ಪ್ಲಗ್ ಹಾಕಿದರೆ ಬೆಳಿಗ್ಗೆ ಮತ್ತೆ ತುಂಬಿರುತ್ತದೆ. ಎಣ್ಣೆ ಗಟ್ಟಿಯಾಗಿ ಎಂಜಿನ್ ಮುಲುಗುವುದು, ಡೀಸೆಲ್ ಮೇಣದ ಹಾಗೆ ಹೆಪ್ಪುಗಟ್ಟುವುದು, ಇವೆಲ್ಲ ಇಲ್ಲಿಲ್ಲ.

ವಿರೋಧ: ಸರಾಸರಿ ದಿನ ಬಿಡಿ, ಕೆಟ್ಟ ದಿನದ ಲೆಕ್ಕ ಹಾಕಿ

ನಾರ್ವೆಯ ಮಾತಿನಿಂದಲೇ ಶುರು ಮಾಡೋಣ. ನಾರ್ವೆ ಎಂದ ಕೂಡಲೇ ನಮ್ಮ ಕಣ್ಣಿಗೆ ಹಿಮಕರಡಿ ಬರುತ್ತದೆ. ಆದರೆ ಅಲ್ಲಿನ ಬಹಳ ಜನ ಇರುವುದು ಕರಾವಳಿಯ ಹತ್ತಿರ. ಸಮುದ್ರದ ಬೆಚ್ಚಗಿನ ಪ್ರವಾಹದಿಂದಾಗಿ ಬರ್ಗೆನ್ ನಗರದಲ್ಲಿ ಜನವರಿಯ ಸರಾಸರಿ ಸೊನ್ನೆಗಿಂತ ಮೇಲೇ ಇರುತ್ತದೆ. ಕೆನಡಾದ ವಿನ್ನಿಪೆಗ್‌ನಲ್ಲಿ ಅದು ಮೈನಸ್ 16ರ ಆಸುಪಾಸು. ಎರಡೂ ಹಿಮದ ಊರುಗಳೇ. ಒಂದರಲ್ಲಿ ನಡೆದದ್ದು ಇನ್ನೊಂದರಲ್ಲೂ ನಡೆಯುತ್ತದೆ ಎನ್ನಲಾಗುವುದಿಲ್ಲ. ನಾರ್ವೆಯಲ್ಲಿ ಚಾರ್ಜರ್‌ಗಳು ದಟ್ಟವಾಗಿವೆ ಎನ್ನುವುದೂ ನೆನಪಿರಲಿ.

ಇನ್ನು ರೇಂಜ್. ಕಾರಿನ ರೇಂಜ್ ಅಳೆದು ಹೇಳುವ ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ನಡೆಯುವುದು 23 ಡಿಗ್ರಿಯ ಹಿತವಾದ ವಾತಾವರಣದಲ್ಲಿ. ಅಲ್ಲಿ 400 ಕಿಲೋಮೀಟರ್ ಓಡಿದ ಕಾರು ಕೊರೆಯುವ ಚಳಿಯಲ್ಲಿ ಹೆದ್ದಾರಿಗೆ ಬಂದರೆ 240 ಸಿಗಬಹುದು. ಅದನ್ನೂ ಪೂರ್ತಿ ಬಳಸಲಾಗುವುದಿಲ್ಲ. ದೂರದ ಪ್ರಯಾಣದಲ್ಲಿ ಯಾರೂ ಬ್ಯಾಟರಿಯನ್ನು ಸೊನ್ನೆಗೆ ಇಳಿಸುವುದಿಲ್ಲ. ಶೇಕಡ 80 ದಾಟಿದ ಮೇಲೆ ಫಾಸ್ಟ್ ಚಾರ್ಜಿಂಗ್ ನಿಧಾನವಾಗುವುದರಿಂದ ಪೂರ್ತಿ ತುಂಬಿಸಲು ಕಾಯುವುದೂ ಇಲ್ಲ. ಹತ್ತರಿಂದ ಎಂಬತ್ತರ ನಡುವಿನ ಶೇಕಡ 70 ಹಿಡಿದರೆ ಒಂದು ಚಾರ್ಜರ್‌ನಿಂದ ಇನ್ನೊಂದಕ್ಕೆ ನಿಮಗೆ ಸಿಗುವುದು 168 ಕಿಲೋಮೀಟರ್. ನಾಲ್ಕುನೂರು ಅಂತ ಓದಿ ಕೊಂಡವರಿಗೆ ಇದು ಸಣ್ಣ ಆಘಾತವೇನಲ್ಲ. ಎದುರುಗಾಳಿ, ರಸ್ತೆ ಮೇಲಿನ ಹಸಿ ಹಿಮ, ಹಳೆಯದಾದ ಬ್ಯಾಟರಿ, ಇವು ಬೇರೆ.

ಮತ್ತೆ ಚಾರ್ಜಿಂಗ್. ನನ್ನ ದೃಷ್ಟಿಯಲ್ಲಿ ನಿಜವಾದ ತೊಂದರೆ ಇರುವುದು ಇಲ್ಲೇ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯೊಳಗಿನ ಅಯಾನುಗಳ (ವಿದ್ಯುತ್ ಹೊತ್ತು ಸಾಗುವ ಸಣ್ಣ ಕಣಗಳ) ಓಡಾಟ ನಿಧಾನವಾಗುತ್ತದೆ. ಆಗ ಜೋರಾಗಿ ಕರೆಂಟು ತಳ್ಳಿದರೆ ಲಿಥಿಯಂ ಒಳಗೆ ಸೇರಿಕೊಳ್ಳುವ ಬದಲು ಲೋಹವಾಗಿ ಮೇಲೆ ಕೂರುತ್ತದೆ. ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಅದಕ್ಕೇ ಕಾರಿನ ಕಂಪ್ಯೂಟರ್ ಚಾರ್ಜಿಂಗ್ ವೇಗವನ್ನು ತಾನೇ ಇಳಿಸುತ್ತದೆ. ಕಂಪ್ಯೂಟರ್ ಮಾಡುವುದು ಸರಿಯೇ, ಆದರೆ ಕಾಯಬೇಕಾದವರು ನೀವು. ಒಂದು ಕಾರು ಜಾಸ್ತಿ ಹೊತ್ತು ನಿಂತರೆ ಹಿಂದಿನ ಸಾಲು ಬೆಳೆಯುತ್ತದೆ. ಸಾಲಿನಲ್ಲಿ ನಿಂತವರ ಹೀಟರ್ ಓಡುತ್ತಲೇ ಇರುತ್ತದೆ, ಅವರ ಚಾರ್ಜ್ ಇನ್ನಷ್ಟು ಇಳಿಯುತ್ತದೆ. 2024ರ ಜನವರಿಯ ಕಡುಚಳಿಯಲ್ಲಿ ಶಿಕಾಗೋದ ಚಾರ್ಜಿಂಗ್ ಸ್ಟೇಷನ್‌ಗಳಲ್ಲಿ ಉದ್ದುದ್ದ ಸಾಲುಗಳು ನಿಂತವು. ಚಾರ್ಜ್ ಮುಗಿದು ಅಲ್ಲೇ ನಿಂತುಹೋದ ಕಾರುಗಳನ್ನು ಎಳೆದೊಯ್ಯಬೇಕಾಯಿತು. ಚಾರ್ಜರ್ ತಲುಪುವ ಮೊದಲೇ ಬ್ಯಾಟರಿ ಬಿಸಿ ಮಾಡಿಕೊಳ್ಳಬಹುದು, ನಿಜ. ಆ ಬಿಸಿಗೆ ಬೇಕಾದ ಚಾರ್ಜ್ ಬರುವುದೂ ಅದೇ ಬ್ಯಾಟರಿಯಿಂದ.

ಪರ ವಾದದವರ ಉಪಾಯಗಳೆಲ್ಲ ಮನೆಯ ಪ್ಲಗ್‌ಗೆ ನೇತಾಡಿಕೊಂಡಿವೆ. ಅಪಾರ್ಟ್‌ಮೆಂಟಿನಲ್ಲಿದ್ದು ಬೀದಿಯಲ್ಲಿ ಕಾರು ನಿಲ್ಲಿಸುವವರ ಗತಿ? ಅವರ ಕಾರು ರಾತ್ರಿಯಿಡೀ ತಣ್ಣಗಾಗುತ್ತದೆ. ಬೆಳಿಗ್ಗೆ ಬಿಸಿ ಮಾಡಿದರೆ ಅದು ಬ್ಯಾಟರಿಯ ಖರ್ಚು. ಸ್ಕೂಲು, ಅಂಗಡಿ, ಆಫೀಸು ಅಂತ ಸಣ್ಣ ಸಣ್ಣ ಓಡಾಟ ಮಾಡುವವರಿಗೆ ಇನ್ನೂ ಕಷ್ಟ. ಪ್ರತಿ ಸಲ ತಣ್ಣಗಾದ ಕಾರನ್ನು ಮೊದಲಿನಿಂದ ಬಿಸಿ ಮಾಡಬೇಕು. ಹೊರಗಿನ ಗಾಳಿಯಿಂದಲೇ ಶಾಖ ಎಳೆದು ಒಳಗೆ ತರುವ ಹೀಟ್ ಪಂಪ್ ಇದ್ದರೆ ಉಳಿತಾಯವಾಗುತ್ತದೆ ಎನ್ನುತ್ತಾರೆ. ಸೊನ್ನೆಯ ಆಸುಪಾಸಿನಲ್ಲಿ ಆ ಮಾತು ಸರಿ. ಮೈನಸ್ 20ರ ಹೊತ್ತಿಗೆ ಅದರ ಲಾಭ ಬಹಳ ಕರಗಿರುತ್ತದೆ. ಅಗ್ಗದ ಮಾಡೆಲ್‌ಗಳಲ್ಲಿ ಹೆಚ್ಚಾಗಿ ಸಿಗುವ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಎಂಬ ಬಗೆಯ ಬ್ಯಾಟರಿಗೆ ಚಳಿ ಇನ್ನೂ ಜಾಸ್ತಿ ತಟ್ಟುತ್ತದೆ. ಅಂದರೆ ಕಡಿಮೆ ದುಡ್ಡು ಇರುವವರಿಗೇ ಹೆಚ್ಚು ತೊಂದರೆ.

ಓಡಿಸುವಾಗಲೂ ಒಂದು ಕಿರಿಕಿರಿ ಇದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಾರು ತಾನೇ ನಿಧಾನವಾಗಿ ಬ್ಯಾಟರಿ ತುಂಬಿಕೊಳ್ಳುತ್ತದಲ್ಲ, ಬ್ಯಾಟರಿ ತಣ್ಣಗಿದ್ದಾಗ ಆ ಹಿಡಿತ ಕಡಿಮೆಯಾಗುತ್ತದೆ. ಬೆಚ್ಚಗಾದ ಮೇಲೆ ಹೆಚ್ಚುತ್ತದೆ. ಕೆಲವು ಕಾರುಗಳು ಬ್ರೇಕ್ ಸೇರಿಸಿ ಇದನ್ನು ಸರಿದೂಗಿಸುತ್ತವೆ, ಎಲ್ಲವೂ ಅಲ್ಲ. ಜಾರುವ ರಸ್ತೆಯಲ್ಲಿ ಹೊರಟಾಗ ಒಂದು ಥರ, ಅರ್ಧ ಗಂಟೆಯ ಮೇಲೆ ಇನ್ನೊಂದು ಥರ ಆದರೆ ಅಂದಾಜು ತಪ್ಪುತ್ತದೆ. ಬ್ಯಾಟರಿಯ ಭಾರ ಬೇರೆ ಇದೆ. ಒಳ್ಳೆಯ ವಿಂಟರ್ ಟೈರ್ ಹಾಕಲೇಬೇಕು. ಅದು ಯಾವ ಕಾರಿಗಾದರೂ ಬೇಕು ಅನ್ನಿ.

ಮನೆಯಲ್ಲಿ ಚಾರ್ಜರ್ ಹಾಕಿಸಲು ಜಾಗವಿದ್ದು, ಇನ್ನೊಂದು ಪೆಟ್ರೋಲ್ ಕಾರೂ ಇದ್ದರೆ ನನ್ನ ತಕರಾರಿಲ್ಲ, ಧಾರಾಳವಾಗಿ ಕೊಳ್ಳಿ. ಇರುವುದು ಒಂದೇ ಕಾರು, ನಿಲ್ಲಿಸುವುದು ಬೀದಿಯಲ್ಲಿ, ತಿಂಗಳಿಗೆರಡು ಸಲ 300 ಕಿಲೋಮೀಟರ್ ದೂರ ಹೋಗಲೇಬೇಕು ಎಂದಾದರೆ ಈ ಸಲಕ್ಕೆ ಹೈಬ್ರಿಡ್ ನೋಡಿ. ಆದರೂ ಎಲೆಕ್ಟ್ರಿಕ್ಕೇ ಬೇಕು ಎನ್ನುವವರು ಬೇಸಿಗೆಯಲ್ಲಿ ಟೆಸ್ಟ್ ಡ್ರೈವ್ ಮಾಡಬೇಡಿ. ಜನವರಿಯಲ್ಲಿ ಹೋಗಿ. ರಾತ್ರಿಯಿಡೀ ಹೊರಗೆ ನಿಂತಿದ್ದ ಕಾರನ್ನೇ ಕೇಳಿ, ಹೀಟರ್ ಹಾಕಿಕೊಂಡು ಹೆದ್ದಾರಿಗೆ ಒಯ್ಯಿರಿ, ಬರುವ ದಾರಿಯಲ್ಲಿ ಒಂದು ಫಾಸ್ಟ್ ಚಾರ್ಜರ್‌ಗೆ ಹಾಕಿ ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ.