ಲೀಸಿಗೆ ಸಿಗುವ ಪೆಟ್ರೋಲ್ ಬಂಕ್ ಮತ್ತು ಅಕ್ಕನ ಅಡಿಕೆ ತೋಟ

ಕಳೆದ ಭಾನುವಾರ ಅಕ್ಕನ ಮಗ ಚನ್ನಗಿರಿ ಕಡೆಯಿಂದ ದಾವಣಗೆರೆಗೆ ಬಂದು, ಛಾಪಾ ಕಾಗದದ ಮೇಲಿನ ಒಂದು ಕರಡು ಕರಾರನ್ನು ನನ್ನ ಮುಂದಿಟ್ಟ. ಉತ್ತರ ಕನ್ನಡದ ಕರಾವಳಿಯ ಒಂದು ಸಣ್ಣ ಊರಿನಲ್ಲಿ, ಹೆದ್ದಾರಿ 66ರ ಬದಿಯಲ್ಲಿರುವ ಪೆಟ್ರೋಲ್ ಬಂಕನ್ನು 5 ವರ್ಷಕ್ಕೆ ಲೀಸಿಗೆ ಪಡೆಯುವ ಕರಾರು ಅದು. ಮುಂಗಡ 30 ಲಕ್ಷ, ತಿಂಗಳ ಬಾಡಿಗೆ ಒಂದೂವರೆ ಲಕ್ಷ. ಮುಂಗಡಕ್ಕಾಗಿ ಅಕ್ಕನ ಹೆಸರಿನಲ್ಲಿರುವ ಅಡಿಕೆ ತೋಟವನ್ನು ಅಡ ಇಡುವುದೆಂದು ತಾಯಿ ಮಗ ಆಗಲೇ ಮಾತಾಡಿಕೊಂಡಿದ್ದರು. "ಮಾಮ, ನೀವು 18 ವರ್ಷ ಬಂಕಿನ ಲೆಕ್ಕ ಬರೆದೋರು, ಒಂದ್ಸಲ ನೋಡಿ ಹೇಳ್ರಿ" ಎಂದ. ಇಂಥ ಕಾಗದ ಹಿಡಿದು ನನ್ನ ಬಳಿ ಬಂದವರಲ್ಲಿ ಅವನು ಮೊದಲಿಗನಲ್ಲವಾದ್ದರಿಂದ, ಅವನಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದದ್ದು ಬಾಡಿಗೆಯನ್ನಲ್ಲ, ಕೊಡುವವರಿಗೆ ಕೊಡುವ ಹಕ್ಕು ಇದೆಯೇ ಎಂಬುದನ್ನು. ಅಂಗಡಿ ಮಳಿಗೆಯನ್ನೋ ರೈಸ್ ಮಿಲ್ಲನ್ನೋ ಲೀಸಿಗೆ ಕೊಡುವ ಹಾಗೆ ಡೀಲರ್‌ಶಿಪ್ಪನ್ನು ಕೊಡಲು ಬರುವುದಿಲ್ಲ. ಸರ್ಕಾರಿ ತೈಲ ಕಂಪನಿಗಳು ಜಾಹೀರಾತು ಕೊಟ್ಟು, ಅರ್ಜಿ ಕರೆದು, ಹೆಚ್ಚಿನ ಕಡೆ ಚೀಟಿ ಎತ್ತಿ, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರಿಗೆ ಅದನ್ನು ಕೊಟ್ಟಿರುತ್ತವೆ. ಜಾಗ ಡೀಲರರದೇ ಆಗಿದ್ದರೂ ಅಲ್ಲಿ ಆ ಕಂಪನಿಯ ಎಣ್ಣೆ ಮಾರುವ ಅನುಮತಿ ಅವರು ಬೇರೆಯವರಿಗೆ ಹಸ್ತಾಂತರಿಸಬಹುದಾದ ಸ್ವತ್ತಲ್ಲ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಬಂಕ್ ನಡೆಸುತ್ತಿರುವುದು ತಪಾಸಣೆಯಲ್ಲಿ ಕಂಡುಬಂದರೆ ಡೀಲರ್‌ಶಿಪ್ಪೇ ರದ್ದಾಗಬಹುದು. ಹಾಗೆ ರದ್ದಾದ ದಿನ ನಮ್ಮ ಹುಡುಗ ಕೊಟ್ಟ 30 ಲಕ್ಷಕ್ಕೆ ಕಂಪನಿ ಜವಾಬ್ದಾರಿಯಾಗುವುದಿಲ್ಲ, ಏಕೆಂದರೆ ಕಂಪನಿಯ ಕಡತದಲ್ಲಿ ಅವನ ಹೆಸರೇ ಇರುವುದಿಲ್ಲ. ಅವನು ತಂದ ಕರಡಿನಲ್ಲಿ "ಲೀಸ್" ಎಂಬ ಪದವೂ ಇರಲಿಲ್ಲ. "ಉಸ್ತುವಾರಿ ಒಪ್ಪಂದ" ಎಂದಿತ್ತು. ಹೆಸರು ಬದಲಾಯಿಸಿ ಬರೆದಿದ್ದಾರೆಂದರೆ, ಬರೆದವರಿಗೆ ನಿಯಮ ಗೊತ್ತಿದೆ ಎಂದೇ ಅರ್ಥ.

ಇನ್ನು ವ್ಯಾಪಾರದ ಲೆಕ್ಕ. ಅವನಿಗೆ ತೋರಿಸಿದ್ದು ಏಪ್ರಿಲ್, ಮೇ ತಿಂಗಳ ಮಾರಾಟ: ದಿನಕ್ಕೆ ಸುಮಾರು 2,000 ಲೀಟರ್ ಪೆಟ್ರೋಲ್, 3,000 ಲೀಟರ್ ಡೀಸೆಲ್. ಶಾಲೆಗಳಿಗೆ ರಜೆ ಇದ್ದು ಗೋಕರ್ಣ, ಮುರ್ಡೇಶ್ವರಕ್ಕೆ ಜನ ಹರಿಯುವ ತಿಂಗಳುಗಳವು. ಕಮಿಷನ್ ಈಗ ಲೀಟರ್ ಪೆಟ್ರೋಲಿಗೆ 4 ರೂಪಾಯಿ ಚಿಲ್ಲರೆ, ಡೀಸೆಲಿಗೆ 3 ರೂಪಾಯಿ ಆಸುಪಾಸು ಸಿಗುತ್ತದೆ. ಅದೂ 7 ವರ್ಷ ಕಾದ ಮೇಲೆ 2024ರ ಅಕ್ಟೋಬರ್ ಕೊನೆಯಲ್ಲಿ ಪೆಟ್ರೋಲಿಗೆ 65 ಪೈಸೆ, ಡೀಸೆಲಿಗೆ 44 ಪೈಸೆ ಏರಿದ್ದರಿಂದ. ಈ ಲೆಕ್ಕದಲ್ಲಿ ತಿಂಗಳಿಗೆ 5 ಲಕ್ಷ ದಾಟುತ್ತದೆ, ನಿಜ. ಆದರೆ ಜೂನ್ ಬಂದ ಮೇಲೆ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಲಾರಿ ಇಲ್ಲ, ಐಸ್ ಗಾಡಿ ಇಲ್ಲ. ಮಾರಾಟ ಅರ್ಧಕ್ಕಿಳಿದರೆ ಕಮಿಷನ್ ಎರಡೂವರೆ ಲಕ್ಷ, ಬಾಡಿಗೆ ಮತ್ತು ಹುಡುಗರ ಸಂಬಳ ಸೇರಿಯೇ 3 ಲಕ್ಷ. ದೋಣಿಯವರು ಡೀಸೆಲಿಗೆ ಬರುತ್ತಾರಲ್ಲ ಎಂದ. ಮೀನುಗಾರಿಕೆ ದೋಣಿಗಳಿಗೆ ಮಾರಾಟ ಕರ ವಿನಾಯಿತಿಯ ಡೀಸೆಲ್ ನಿಗದಿತ ಬಂಕುಗಳಲ್ಲಿ ಸಿಗುವಾಗ ಅವರು ಪೂರ್ತಿ ದರ ಕೊಟ್ಟು ಹೆದ್ದಾರಿ ಬದಿಗೆ ಏಕೆ ಬರುತ್ತಾರೆ?

ದಾವಣಗೆರೆಯ ಅನುಭವವನ್ನು ಅಲ್ಲಿಗೆ ಹೊತ್ತೊಯ್ಯಲು ಆಗುವುದಿಲ್ಲ. ನಮ್ಮಲ್ಲಿ ಹೆದ್ದಾರಿ 48 ಹಗಲೂ ರಾತ್ರಿ ಹರಿಯುತ್ತದೆ, ಮೆಕ್ಕೆಜೋಳದ ಸುಗ್ಗಿಯಲ್ಲಿ ಎ.ಪಿ.ಎಂ.ಸಿ.ಗೆ ಬರುವ ಲಾರಿ, ಟ್ರ್ಯಾಕ್ಟರುಗಳಿಂದಲೇ ಬಂಕಿನ ಮೂರು ತಿಂಗಳು ಕಳೆಯುತ್ತವೆ. ಅಲ್ಲಿ ಒಂದು ಗುಡ್ಡ ಜಾರಿದರೆ ರಸ್ತೆಯೇ ನಿಲ್ಲುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿಯವರೂ ಲಾರಿಯವರೂ ಜೀವ ಕಳೆದುಕೊಂಡ ದುರಂತದ ಮುಂದೆ ವ್ಯಾಪಾರದ ಮಾತು ಸಣ್ಣದು. ಆದರೂ ಆ ಹೆದ್ದಾರಿ ಎಷ್ಟೋ ದಿನ ಮುಚ್ಚಿದ್ದಾಗ ಆಚೀಚೆಯ ಬಂಕುಗಳ ಗತಿಯೇನಾಯಿತೆಂದು ಕೇಳಿ ತಿಳಿದುಕೊಳ್ಳದೆ ಯಾರೂ ಅಲ್ಲಿ ಹಣ ಹೂಡಬಾರದು.

ಮಳೆಯ ಇನ್ನೊಂದು ಕಷ್ಟ ನೆಲದಡಿಯದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಇರುತ್ತದೆ. ಟ್ಯಾಂಕಿಗೆ ನೀರು ಸೇರಿದರೆ ಎಥೆನಾಲ್ ಅದರೊಡನೆ ಕೂಡಿಕೊಂಡು, ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ನಾನು ಕೆಲಸ ಮಾಡುತ್ತಿದ್ದ ಬಂಕಿನಲ್ಲಿ ಒಂದು ಅಕ್ಟೋಬರಿನ ರಾತ್ರಿ ಜೋರು ಮಳೆಯಾಗಿ, ಎಣ್ಣೆ ಇಳಿಸುವ ಪೈಪಿನ ಮುಚ್ಚಳದ ಸವೆದ ವಾಷರಿನಿಂದ ನೀರು ಒಳಗೆ ಹೋಗಿತ್ತು. ಬೆಳಿಗ್ಗೆ ಟ್ಯಾಂಕಿನ ಮಟ್ಟ ಅಳೆಯುವ ಡಿಪ್ ರಾಡಿನ ತುದಿಗೆ, ನೀರು ತಾಗಿದರೆ ಬಣ್ಣ ಬದಲಿಸುವ ಪೇಸ್ಟ್ ಸವರಿ ಇಳಿಸಿ ತೆಗೆದಾಗ ಬೆರಳುದ್ದದಷ್ಟು ಬಣ್ಣ ತಿರುಗಿತ್ತು. ಅದನ್ನು ನೋಡುವ ಮೊದಲೇ ಹುಡುಗರು ಏಳು ಸ್ಕೂಟರಿಗೆ ಪೆಟ್ರೋಲ್ ಹಾಕಿ ಕಳಿಸಿಯಾಗಿತ್ತು. ಹತ್ತು ಗಂಟೆಯ ಹೊತ್ತಿಗೆ ಒಂದೊಂದಾಗಿ ತಳ್ಳಿಕೊಂಡು ಬಂದರು. ಒಬ್ಬ ತಾಯಿ ಮಗುವನ್ನು ಶಾಲೆಗೆ ಬಿಡಲಾಗದೆ ಕಣ್ಣೀರು ಹಾಕಿದ್ದು ನನಗೆ ಇಂದಿಗೂ ನೆನಪಿದೆ. ವರ್ಷದ ಮಳೆ ಇಷ್ಟು ಕಡಿಮೆಯಿರುವ ನಮ್ಮ ಊರಿನಲ್ಲೇ ಹೀಗಾದರೆ, ಮೂರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಸುರಿಯುವ ಕಡೆ ಪ್ರತಿ ಬೆಳಿಗ್ಗೆ ಡಿಪ್ ನೋಡುವವನು ತಾನೇ ಅಲ್ಲಿರಬೇಕು. ಕಾಗದದ ಮೇಲಿನ ಡೀಲರು ಬೇರೆ, ನಡೆಸುವವನು ಬೇರೆ ಎಂದಾದಾಗ ಹಳೆಯ ವಾಷರನ್ನು ಬದಲಿಸುವ ಖರ್ಚು ಯಾರದು?

ಬಂಡವಾಳ ಮುಂಗಡಕ್ಕೇ ಮುಗಿಯುವುದಿಲ್ಲ. 12,000 ಲೀಟರಿನ ಒಂದು ಲೋಡಿಗೆ ಸುಮಾರು 11 ಲಕ್ಷ ಮೊದಲೇ ಕಟ್ಟಬೇಕು. ಲಾರಿ ಮಾಲೀಕರಿಗೆ ಉದ್ರಿ ಕೊಡದೆ ಡೀಸೆಲ್ ಓಡುವುದಿಲ್ಲ, ಉದ್ರಿ ಕೊಟ್ಟರೆ ಹಣ ತಿರುಗುವುದಿಲ್ಲ. ಬೆಲೆ ಇಳಿದರೂ ಪೆಟ್ಟು ನಮಗೇ. 2021ರ ನವೆಂಬರ್ 3ರ ರಾತ್ರಿ, ದೀಪಾವಳಿ ಲಕ್ಷ್ಮೀಪೂಜೆಗೆ ಬಂಕಿಗೆ ಮಾವಿನ ತೋರಣ ಕಟ್ಟುತ್ತಿದ್ದಾಗ, ಕೇಂದ್ರ ಸರ್ಕಾರ ಪೆಟ್ರೋಲಿಗೆ 5 ರೂಪಾಯಿ, ಡೀಸೆಲಿಗೆ 10 ರೂಪಾಯಿ ಸುಂಕ ಇಳಿಸಿದ ಸುದ್ದಿ ಬಂತು. ಜನರಿಗೆ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಟ್ಯಾಂಕಿನಲ್ಲಿದ್ದ 14,000 ಲೀಟರ್ ಡೀಸೆಲ್ ಮಾತ್ರ ಬೆಳಗಾಗುವುದರೊಳಗೆ 1 ಲಕ್ಷ 40 ಸಾವಿರ ಕಡಿಮೆ ಬೆಲೆಯದಾಯಿತು. ಸ್ವಂತ ಡೀಲರು ಅದನ್ನು ಮುಂದಿನ ವರ್ಷಗಳಲ್ಲಿ ತುಂಬಿಕೊಳ್ಳುತ್ತಾರೆ, ಬಾಡಿಗೆಯವನಿಗೆ ಆ ತಿಂಗಳೂ ಒಂದೂವರೆ ಲಕ್ಷ ಕಟ್ಟುವುದಿರುತ್ತದೆ.

ಬಂಕ್ ನಡೆಸುವ ಆಸೆ ತಪ್ಪೆಂದು ನಾನು ಹೇಳಲಿಲ್ಲ. ಕಂಪನಿಗಳು ಜಾಹೀರಾತು ಕೊಟ್ಟಾಗ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಲಿ. ಇಲ್ಲವೇ ಇರುವ ಡೀಲರರ ಜೊತೆ ಕಂಪನಿಯ ಒಪ್ಪಿಗೆ ಪಡೆದು ಪಾಲುದಾರನಾಗಲಿ, ಅದಕ್ಕೆ ನಿಯಮದಲ್ಲಿ ದಾರಿ ಇದೆ. ಅದಕ್ಕೂ ಮೊದಲು ಆ ಊರಿನಲ್ಲಿ ಒಂದು ಮಳೆಗಾಲ ನಿಂತು ನೋಡಿ ಬರಲಿ.

ಎಲ್ಲವನ್ನೂ ಕೇಳಿಸಿಕೊಂಡು ನನ್ನೆದುರೇ ಬಂಕ್ ಕೊಡುವವರಿಗೆ ಫೋನ್ ಮಾಡಿ, ಈ ಒಪ್ಪಂದವನ್ನು ಕಂಪನಿಯ ಸೇಲ್ಸ್ ಆಫೀಸರಿಗೆ ತೋರಿಸಿ ಸಹಿ ಮಾಡೋಣವೇ ಎಂದು ಕೇಳಿದ. "ಅವರನ್ನೆಲ್ಲ ಯಾಕೆ ನಡುವೆ ತರ್ತೀರಿ" ಎಂಬ ಉತ್ತರ ನನಗೂ ಕೇಳಿಸಿತು. ಅವನಿನ್ನೂ ಪೂರ್ತಿ ಮನಸ್ಸು ಬದಲಿಸಿಲ್ಲ, ಮುನಿಸಿಕೊಂಡೇ ಊರಿಗೆ ಹೋದ. ಬುಧವಾರ ಅಕ್ಕ ಒಬ್ಬಳೇ ಬಸ್ಸಿನಲ್ಲಿ ಬಂದು, ತೋಟದ ಪತ್ರಗಳನ್ನು ನನ್ನ ಮನೆಯ ಬೀರುವಿನಲ್ಲಿಟ್ಟು, ಊಟವನ್ನೂ ಮಾಡದೆ ಹಿಂದಿರುಗಿದಳು.